ಚಾರ್ಜು ಪಟ್ಟಿಯ ಕೊನೆಯ ಸಾಲು

ಆಯುಷ್ಯವೆಲ್ಲ ಸತ್ತವರ ಕಾಗದ ಓದಿ ಹೊಟ್ಟೆ ಹೊರೆದವನು ನಾನು. ಧಾರವಾಡದ ದಫ್ತರಖಾನೆಯಲ್ಲಿ ಬಾವಲಿ ಹಿಕ್ಕೆ ಗುಡಿಸಿದ್ದೇನೆ, ಗೆದ್ದಲು ತಿಂದ ಕಟ್ಟುಗಳಲ್ಲಿ ಕೈಹಾಕಿದ್ದೇನೆ, ಕಾಗದದ ನಡುವೆ ಒಣಗಿ ಚಪ್ಪಟೆಯಾದ ಹಲ್ಲಿಗಳನ್ನು ಎತ್ತಿ ಹಾಕಿದ್ದೇನೆ. ಅದಕ್ಕೆಲ್ಲ ನಾನು ಹೇಸಿದವನಲ್ಲ. ವಾಕರಿಕೆ ಬಂದದ್ದು ಒಂದೇ ಸಲ, ಅದೂ ಸ್ವಚ್ಛವಾಗಿದ್ದ, ಒಂದು ಹುಳುವೂ ಮುಟ್ಟದಿದ್ದ ಹಾಳೆಯನ್ನು ನೋಡಿ. ಅದರ ಕಥೆ ಇದು. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಮುಚ್ಚಿಡುವುದಿಲ್ಲ.

ಅರವತ್ತರ ದಶಕದ ಆರಂಭ. ಭಾಷೆಗೊಂದು ರಾಜ್ಯವೆಂದು ವಿಂಗಡಣೆಯಾಗಿ ನಮ್ಮ ಜಿಲ್ಲೆ ಮೈಸೂರು ಸೀಮೆಗೆ ಸೇರಿ ಕೆಲವೇ ವರ್ಷಗಳಾಗಿದ್ದವು. ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿಯನ್ನು ಓದಬಲ್ಲವರು ಕಚೇರಿಯಲ್ಲಿ ಇಬ್ಬರು ಉಳಿದಿದ್ದೆವು. ಅವರಲ್ಲೊಬ್ಬರಿಗೆ ಕಣ್ಣಿಗೆ ಪೊರೆ ಬಂದಿತ್ತು. ಹೀಗಾಗಿ ಹಳೆಯ ವ್ಯಾಜ್ಯಗಳ ನಕಲು ಬೇಕಾದವರೆಲ್ಲ ನನ್ನ ಮೇಜಿಗೇ ಬರುತ್ತಿದ್ದರು. ಆ ವರ್ಷ ಹುಬ್ಬಳ್ಳಿಯ ವಕೀಲರೊಬ್ಬರು ಬಂದರು. ಅವರ ಮನೆತನ ಹತ್ತಿ ವ್ಯಾಪಾರದ್ದು, ದುರ್ಗದಬೈಲಿನ ಹತ್ತಿರ ದೊಡ್ಡ ಮನೆ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಚರ್ಮದ ಚೀಲ. ಅದರಿಂದ ತೆಳು ಕಾಗದದ ಮೇಲೆ ಟೈಪು ಮಾಡಿದ ಒಂದು ವಂಶವೃಕ್ಷವನ್ನು ಹೊರತೆಗೆದು ಮೇಜಿನ ಮೇಲೆ ಹಾಸಿದರು.

"ರಾಯರ, ಇದು ಅಮೆರಿಕದ್ದು ನೋಡ್ರಿ. ಒಬ್ಬ ಬಾಯಾರು ಮೂರು ಪತ್ರ ಬರದಾರ. ಅವರ ಮುತ್ತಜ್ಜ ನಮ್ಮ ಕಡೆ ಹತ್ತಿ ಬೆಳ್ಯಾಕ ಬಂದಿದ್ನಂತ. ನಮ್ಮ ಮುತ್ತ್ಯಾನ ಸಂಗಾಟ ವ್ಯವಹಾರ ಇತ್ತಂತ ನಮ್ಮ ಮನ್ಯಾಗ ಹೇಳ್ತಿದ್ರು. ಇದನ್ನ ಹುಡುಕಿ ಕೊಡಾವ್ರು ನೀವೊಬ್ಬರ."

ಹಾಳೆಯನ್ನು ನೋಡಿ ನಾನು ನಿಜಕ್ಕೂ ಬೆರಗಾದೆ. ಆ ಕುಟುಂಬದ ಮೂಲಪುರುಷ ಇಂಗ್ಲೆಂಡಿನಿಂದ ಹಡಗು ಹತ್ತಿ ಅಮೆರಿಕದ ಪೂರ್ವ ತೀರದಲ್ಲಿ ಇಳಿದವರ ಮೊದಲ ತಂಡಗಳಲ್ಲಿ ಒಬ್ಬ. ಅವನಿಂದ ಕೆಳಗೆ ಒಂಬತ್ತು ತಲೆಮಾರು. ಪ್ರತಿ ಹೆಸರಿನ ಕೆಳಗೆ ಹುಟ್ಟು, ಮದುವೆ, ಸಾವು, ಪ್ರತಿಯೊಂದಕ್ಕೂ ಆಧಾರ. ಇಂಥ ಚರ್ಚಿನ ಪುಸ್ತಕ, ಇಂಥ ಮೃತ್ಯುಪತ್ರ, ಇಂಥ ಜಮೀನಿನ ಖರೀದಿ. ಎಷ್ಟೋ ಊರಿನ ಗೌಡರ ಮನೆಗಳಲ್ಲಿ ಅಜ್ಜನ ಅಪ್ಪನ ಹೆಸರು ಕೇಳಿದರೆ ಗೋಡೆ ನೋಡುತ್ತಾರೆ. ಇಲ್ಲಿ ಒಬ್ಬ ಹೆಣ್ಣುಮಗಳು ಕೂತಲ್ಲೇ ಕೂತು ಒಂಬತ್ತು ತಲೆಮಾರನ್ನು ಕೀಲಿಗೆ ಕೀಲು ಜೋಡಿಸಿದ್ದಳು. ಒಂದೇ ಕಡೆ ಖಾಲಿ ಇತ್ತು. ಆರನೆಯ ತಲೆಮಾರಿನ ಹತ್ತಿ ಬೆಳೆಗಾರ ಕೆಲವು ವರ್ಷ ಕಂಪನಿ ಸರಕಾರದ ನೌಕರಿಗೆಂದು ಇಲ್ಲಿಗೆ ಬಂದಿದ್ದ. ಇಲ್ಲಿನ ರೈತರಿಗೆ ಅಮೆರಿಕದ ಹತ್ತಿ ಬೆಳೆಯುವುದನ್ನು, ಗರಗಸದ ಯಂತ್ರದಲ್ಲಿ ಅರಳೆ ಬಿಡಿಸುವುದನ್ನು ಕಲಿಸಲಿಕ್ಕೆಂದು ಅಂಥ ಕೆಲವರನ್ನು ಕರೆಸಿದ್ದರು. ಆ ವರ್ಷಗಳಲ್ಲಿ ಆತ ಎಲ್ಲಿದ್ದ, ಮದುವೆಯಾದನೇ, ಮಕ್ಕಳಾದವೇ ಎಂಬುದು ಆಕೆಗೆ ಬೇಕು. ಅವರ ದೇಶದಲ್ಲಿ ಹಳೆಯ ಮನೆತನಗಳ ಒಂದು ಸಂಘವಿದೆಯಂತೆ. ಎಲ್ಲ ಕೊಂಡಿಗಳೂ ಆಧಾರಸಹಿತ ಸಿದ್ಧವಾಗದ ಹೊರತು ಒಳಗೆ ಸೇರಿಸಿಕೊಳ್ಳುವುದಿಲ್ಲ. ಕೊನೆಗೆ ಇದೆಲ್ಲ ಒಂದು ಪುಸ್ತಕವಾಗಬೇಕು.

"ಪುಸ್ತಕದಾಗ ನಮ್ಮ ಮುತ್ತ್ಯಾನ ಹೆಸರೂ ಒಂದ್ ಸಾಲು ಬರಬೇಕ್ರಿ," ಎಂದರು ವಕೀಲರು. ಅವರಿಗೆ ಬೇಕಿದ್ದದ್ದು ಅಷ್ಟೇ, ಮತ್ತು ಅದಕ್ಕಾಗಿ ಅವರು ಏನು ಮಾಡಲೂ ಸಿದ್ಧರಿದ್ದರು.

ವರಿಷ್ಠರ ಅನುಮತಿ ಪಡೆದು ನಾನು ಕೆಲಸಕ್ಕೆ ಕೂತೆ. ನಮ್ಮಲ್ಲಿ ಕಾಗದಗಳನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಾರೆ. ಆ ಗಂಟಿಗೆ ರುಮಾಲು ಎನ್ನುತ್ತೇವೆ. ರುಮಾಲುಗಳ ಯಾದಿ ಒಂದಿತ್ತು, ಅದನ್ನು ಬರೆದ ಪುಣ್ಯಾತ್ಮ ಅರ್ಧ ಗಂಟುಗಳನ್ನು ಬಿಚ್ಚದೆಯೇ ಬರೆದಿದ್ದ. 'ಹತ್ತಿ' ಎಂದು ಗುರುತು ಮಾಡಿದ ರುಮಾಲು ಬಿಚ್ಚಿದರೆ ಒಳಗೆ ಕೆರೆ ದುರಸ್ತಿಯ ಅರ್ಜಿಗಳು. ಕೆರೆ ಎಂದಿದ್ದಲ್ಲಿ ಕುದುರೆ ಲಾಯದ ಹುಲ್ಲಿನ ಪತ್ರಗಳು. ಮೂರು ವಾರ ಧೂಳು ಕುಡಿದೆ. ನನ್ನ ನಸ್ಯದ ಡಬ್ಬಿಗೆ ಕೆಲಸವೇ ಉಳಿಯಲಿಲ್ಲ, ಸೀನು ತಾನಾಗಿಯೇ ಬರುತ್ತಿತ್ತು.

ಮೊದಲು ಸಿಕ್ಕದ್ದು ಆ ಸಾಹೇಬನೇ ಇಂಗ್ಲಿಷಿನಲ್ಲಿ ಬರೆದ ಪತ್ರಗಳ ಕಟ್ಟು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಪರಾತದಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಒಣ ಬಟ್ಟೆ, ಅದರ ಮೇಲೆ ಕಾಗದ, ಮೇಲೊಂದು ಮುಚ್ಚಳ. ಒಂದು ತಾಸು ಬಿಟ್ಟು, ಕಸಬರಿಗೆಯ ಕಡ್ಡಿಯನ್ನು ಚಪ್ಪಟೆಯಾಗಿ ಕೆತ್ತಿಕೊಂಡು ಮೂಲೆಯಿಂದ ಮೆಲ್ಲಗೆ ಎಬ್ಬಿಸುವುದು. ಹೀಗೆ ಒಂದೊಂದಾಗಿ ಬಿಡಿಸಿ ಓದಿದ ಪತ್ರಗಳಲ್ಲಿ ಇದ್ದದ್ದೇನು? ಇಲ್ಲಿನ ನೆಲ ಕೆಟ್ಟದ್ದು, ಮಳೆ ಕೆಟ್ಟದ್ದು, ಜನ ಎಲ್ಲಕ್ಕಿಂತ ಕೆಟ್ಟವರು. ತನ್ನ ಊರಿನಲ್ಲಿ ಗುಲಾಮರಿಂದ ಮಾಡಿಸುತ್ತಿದ್ದ ಕೆಲಸವನ್ನು ಇಲ್ಲಿನ ಕೂಲಿ ಹೆಂಗಸರು ಮಾಡುವುದಿಲ್ಲ, ಆದ್ದರಿಂದ ಚಾಟಿ ಬಳಸಲು ಅನುಮತಿ ಬೇಕು ಎಂದು ಒಂದಲ್ಲ, ನಾಲ್ಕು ಪತ್ರ. ದೊಡ್ಡ ಸಾಹೇಬರು ಅನುಮತಿ ಕೊಡಲಿಲ್ಲ. ಕೊಡಲಿಲ್ಲವೆಂದು ಐದನೆಯ ಪತ್ರದಲ್ಲಿ ಸಿಟ್ಟು. ಥೂ ಎನಿಸಿತು. ಆದರೆ ನನ್ನ ಕೆಲಸ ಹುಡುಕಿಕೊಡುವುದು, ಥೂ ಎನ್ನುವುದಲ್ಲ. ಆತ ಇದ್ದ ಹತ್ತಿ ಬಂಗಲೆ ಅಮ್ಮಿನಬಾವಿಯ ಹೊಲಗಳ ಅಂಚಿನಲ್ಲಿತ್ತು ಎಂಬ ಟಿಪ್ಪಣಿ ಮಾಡಿಕೊಂಡು ಮುಂದೆ ಹೋದೆ.

ಆಮೇಲೆ ಸಿಕ್ಕದ್ದು ಆ ಊರಿನ ಕುಲಕರ್ಣಿ ಬರೆದಿಟ್ಟ ಮನೆಗಣತಿ. ಹತ್ತಿ ಬಂಗಲೆಯಲ್ಲಿ ಯಾರು ಯಾರು ವಾಸವಿದ್ದಾರೆ ಎಂದು ಮೋಡಿಯಲ್ಲಿ ಬರೆದಿತ್ತು. ಸಾಹೇಬ ಒಬ್ಬ, ಅಡಿಗೆಯವನು, ಕುದುರೆಯವನು, ನೀರಿನವನು. ಕೆಳಗೆ, ಅಮ್ಮಿನಬಾವಿಯ ಚನ್ನವ್ವ, ವಯಸ್ಸು ಹದಿನೇಳು; ಆಕೆಯ ಹೆಣ್ಣುಕೂಸು ಯಲ್ಲವ್ವ, ವಯಸ್ಸು ಒಂದು. ಸಾಹೇಬನ ಹೆಸರಿರಲಿಲ್ಲ, ಸನದ ಅಂಕಿ ಮಾತ್ರ ಇತ್ತು. ಕಂಪನಿ ಕಾಲದ ಕಚೇರಿಗಳಲ್ಲಿ ನಡೆಯುತ್ತಿದ್ದದ್ದು ಫಸಲಿ ಸನ. ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆ. ಸನ ಕಂಡ ಕೂಡಲೆ ವರ್ಷ ಹೇಳುವವನೆಂದು ಕಚೇರಿಯಲ್ಲಿ ನನಗೆ ಹೆಸರಿತ್ತು. ಆ ಹೆಸರಿನ ಗರ್ವವೂ ಇತ್ತು. ಕೂಡಿಸಿದೆ. ಅಮೆರಿಕದವನು ಹಡಗು ಹತ್ತುವುದಕ್ಕೂ ಎಷ್ಟೋ ಮೊದಲಿನ ವರ್ಷ ಬಂತು. ಅವನಿಗಿಂತ ಮುಂಚೆ ಅಲ್ಲಿ ಸರಕಾರಿ ತೋಟವಿತ್ತು, ಬೇರೊಬ್ಬ ಸಾಹೇಬನಿದ್ದ. ಹಾಗಾದರೆ ಈ ಹೆಣ್ಣು, ಈ ಕೂಸು ಆ ಹಿಂದಿನವನ ಕಾಲದವರು. ನಮ್ಮವನಿಗೆ ಸಂಬಂಧವಿಲ್ಲ. ಅಷ್ಟು ಹೊತ್ತಿಗೆ ಬೇಸತ್ತಿದ್ದೆ ಕೂಡ.

'ಲಭ್ಯವಿರುವ ಕಾಗದಗಳನ್ನು ಶೋಧಿಸಲಾಗಿ, ಸದರಿಯವರು ಈ ಜಿಲ್ಲೆಯಲ್ಲಿ ಮದುವೆಯಾದ ಬಗ್ಗೆಯಾಗಲಿ, ಸಂತಾನವಾದ ಬಗ್ಗೆಯಾಗಲಿ ಯಾವ ದಾಖಲೆಯೂ ಇಲ್ಲ' ಎಂದು ಶೋಧಪತ್ರ ಬರೆದು, ಇಂಗ್ಲಿಷಿಗೆ ತಿರುಗಿಸಿ, ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ವಕೀಲರು ಮರುದಿನವೇ ಅಂಚೆಗೆ ಹಾಕಿದರು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಿಳಿ ಸೀರೆ ಉಟ್ಟ ವಯಸ್ಸಾದ ಹೆಣ್ಣುಮಗಳೊಬ್ಬರು ಕಚೇರಿಗೆ ಬಂದರು. ಹುಬ್ಬಳ್ಳಿಯ ಮಿಶನ್ ಹೆಣ್ಣುಮಕ್ಕಳ ಸಾಲಿಯಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿ ನಿವೃತ್ತರಾದ ಟೀಚರು. ಮನೆ ಕಮರಿಪೇಟೆಯ ಕಡೆ. ವಕೀಲರು ಹತ್ತಿ ಪೇಟೆಯಲ್ಲೆಲ್ಲ ಅಮೆರಿಕದ ಪುಸ್ತಕದ ಸುದ್ದಿ ಸಾರಿಕೊಂಡು ತಿರುಗಿದ್ದು ಇವರ ಕಿವಿಗೂ ಬಿದ್ದಿತ್ತು.

"ರಾಯರ, ನೀವು ಆ ಹತ್ತಿ ಬಂಗ್ಲೆ ಸಾಹೇಬನ ಕಾಗದ ನೋಡಾಕತ್ತೀರಂತ ಕೇಳಿದ್ನಿ. ಅಂವಾ ನಮ್ಮಜ್ಜಿ ತಂದಿ ರೀ."

ಕೂಡ್ರಿ ಬಾಯಾರ ಎಂದೆ. ಅವರು ಕೂಡಲಿಲ್ಲ, ಚೀಲದಿಂದ ಒಂದು ಚೀಟಿ ತೆಗೆದು ಮುಂದಿಟ್ಟರು. ಮಿಶನ್ ಚರ್ಚಿನ ದೀಕ್ಷಾಸ್ನಾನದ ನಕಲು. ಹತ್ತಿ ಬಂಗಲೆಯಿಂದ ಬಂದ ಅನಾಥ ಹುಡುಗಿ, ಹಿಂದಿನ ಹೆಸರು ಯಲ್ಲವ್ವ, ವಯಸ್ಸು ಏಳು. ತಾಯಿ ಎಂಬಲ್ಲಿ ಖಾಲಿ. ತಂದೆ ಎಂಬಲ್ಲಿ 'ತಿಳಿದಿಲ್ಲ'.

"ನಮ್ಮಜ್ಜಿಗೆ ತಿಳಿದಿತ್ತ್ರಿ. ತಾಯಿ ಹೆಸರು ಚನ್ನವ್ವ, ಊರು ಅಮ್ಮಿನಬಾವಿ ಅಂತ ಸಾಯೂ ತನಕ ಹೇಳಿದ್ಲು. ಸಾಹೇಬ ಬಿಟ್ಟುಹ್ವಾದ ಮ್ಯಾಲೆ ತವರಾಗ ಯಾರೂ ಒಳಗ ಕರ್ಕೊಳ್ಳಿಲ್ಲ. ಕೂಸನ್ನ ಮಿಶನ್ ಕಟ್ಟಿ ಮ್ಯಾಲೆ ಬಿಟ್ಟ್ಲು. ವಾರಕ್ಕೊಮ್ಮೆ ಬಂದು ಬೇಲಿ ಹೊರಗ ನಿಂತು ನೋಡಿ ಹೋಗ್ತಿದ್ಲಂತ. ಆಮ್ಯಾಲೆ ಬರೂದು ನಿಂತು ಹೋತು."

"ಈಗ ನಿಮಗ ಏನ್ ಬೇಕ್ರಿ, ಬಾಯಾರ?"

"ನಾ ಏನ್ ಹೊಲಾ ಮನಿ ಕೇಳಾಕ ಬಂದಿಲ್ರಿ. ನಮ್ಮಜ್ಜಿನ್ನ ಸಾಲ್ಯಾಗ, ಚರ್ಚಿನ್ಯಾಗ, ಮದಿವ್ಯಾಗ, ಎಲ್ಲಾ ಕಡೆ 'ತಿಳಿದಿಲ್ಲ' ಅಂತ ಕರದ್ರು. ನನ್ನ ತಾಯಿನ್ನ 'ತಿಳಿದಿಲ್ಲ'ನ ಮಗಳು ಅಂದ್ರು. ನನಗ ಎಪ್ಪತ್ತು ಆತು. ಸಾಯೂದರೊಳಗ ಆ ಚರ್ಚಿನ ಪುಸ್ತಕದಾಗ ತಾಯಿ ತಂದಿ ಎರಡೂ ಹೆಸರು ಕಾಣಬೇಕ್ರಿ. ಸರಕಾರಿ ಕಾಗದದ ಆಧಾರ ತಂದ್ರ ತಿದ್ದಿ ಕೊಡ್ತೇನಿ ಅಂತ ಪಾದ್ರಿಗಳು ಹೇಳ್ಯಾರ."

ನಾನು ಚೀಟಿಯನ್ನು ಹತ್ತಿರ ಎಳೆದುಕೊಂಡೆ. ಅದರ ಮೇಲೆ ಇಂಗ್ಲಿಷ್ ವರ್ಷ ಸ್ಪಷ್ಟವಾಗಿತ್ತು. ನನ್ನ ಲೆಕ್ಕ ಸರಿಯಿದ್ದರೆ ಆ ವರ್ಷ ಯಲ್ಲವ್ವನಿಗೆ ಹದಿನಾರು ವಯಸ್ಸಾಗಿರಬೇಕಿತ್ತು. ಹದಿನಾರರ ಹುಡುಗಿಯನ್ನು ಏಳು ವರ್ಷದವಳೆಂದು ಯಾವ ಪಾದ್ರಿಯೂ ಬರೆಯಲಾರ. ಒಂಬತ್ತು ವರ್ಷದ ಅಂತರ. ಆ ಒಂಬತ್ತು ಎಂಬ ಅಂಕಿ ನನಗೆ ಚೆನ್ನಾಗಿ ಗೊತ್ತಿದ್ದದ್ದೇ.

ಪೇಶವೆ ಕಾಲದ ಕುಲಕರ್ಣಿಗಳು ಬಳಸುತ್ತಿದ್ದದ್ದು ಫಸಲಿ ಅಲ್ಲ, ಸುಹೂರ್ ಸನ. ಎರಡೂ ಮೃಗಶಿರ ಮಳೆಗೇ ಶುರುವಾಗುತ್ತವೆ, ಆದರೆ ಅಂಕಿಯಲ್ಲಿ ಒಂಬತ್ತು ವರ್ಷದ ಅಂತರ. ಕಂಪನಿ ಸರಕಾರ ಬಂದು ಅಷ್ಟು ವರ್ಷವಾದ ಮೇಲೂ ಹಳೆಯ ರೂಢಿ ಬಿಡದ ಮುದುಕ ಕುಲಕರ್ಣಿಯೊಬ್ಬ ಇದ್ದಿರಬಹುದು ಎಂದು ನನಗೆ ಹೊಳೆದಿರಲೇ ಇಲ್ಲ. ಹೊಳೆಯಬೇಕಿತ್ತು. ಅದಕ್ಕಾಗಿಯೇ ನನಗೆ ಆ ಕುರ್ಚಿ ಕೊಟ್ಟಿದ್ದರು.

ಆ ಭಾನುವಾರ ಅಮ್ಮಿನಬಾವಿಗೆ ಹೋದೆ. ಕುಲಕರ್ಣಿ ಮನೆತನದ ಈಗಿನ ಯಜಮಾನರು ಅಟ್ಟ ಹತ್ತಿ ಅಜ್ಜಂದಿರ ಕಾಗದದ ಗಂಟು ಇಳಿಸಿದರು. ಅದೇ ಅಕ್ಷರ, ಅದೇ ಕೊಕ್ಕೆ, ಸಾಲಿನ ಕೊನೆಗೆ ಅದೇ ಎಳೆತ. ಒಂದು ಜಮೀನಿನ ಪತ್ರದಲ್ಲಿ ಮನೆಗಣತಿಯದೇ ಸನದ ಅಂಕಿಯಿತ್ತು. ಪಕ್ಕದಲ್ಲಿ ಸಂವತ್ಸರದ ಹೆಸರೂ ಇತ್ತು, ಕ್ರೋಧಿ. ಫಸಲಿ ಲೆಕ್ಕದಲ್ಲಾದರೆ ಮನ್ಮಥ ಸಂವತ್ಸರ ಬರಬೇಕು. ಸುಹೂರ್ ಲೆಕ್ಕದಲ್ಲೇ ಕ್ರೋಧಿ. ಅಂದರೆ ಗಣತಿಯ ದಿನ ಬಂಗಲೆಯಲ್ಲಿದ್ದ ಸಾಹೇಬ ಅಮೆರಿಕದವನೇ. ನಾನು ಸಹಿ ಮಾಡಿ ಕಳಿಸಿದ್ದು ಸುಳ್ಳು.

ಮರುದಿನ ಕಚೇರಿಯಲ್ಲಿ, ವರ್ಷ ಹೊಂದುವುದಿಲ್ಲವೆಂದು ನಾನೇ ಪಕ್ಕಕ್ಕೆ ಸರಿಸಿದ್ದ ಮನೆಗಣತಿಯ ರುಮಾಲನ್ನು ಮತ್ತೆ ಬಿಚ್ಚಿದೆ. ಬಂಗಲೆಯ ಕಾಗದಗಳು ಅಲ್ಲೇ ಇದ್ದವು. ಎಲ್ಲಕ್ಕೂ ಮೇಲಿನದು, ಅಮೆರಿಕದವನು ಊರು ಬಿಡುವಾಗ ಮುಂದಿನ ಸಾಹೇಬನಿಗೆ ಒಪ್ಪಿಸಿದ ಸಾಮಾನುಗಳ ಯಾದಿ, ಅಂದರೆ ಚಾರ್ಜು ಪಟ್ಟಿ. ಬಂಗಲೆಯ ಕಾರಕೂನ ಮೋಡಿಯಲ್ಲಿ ಬರೆದದ್ದು, ಅಕ್ಷರಗಳು ಮುತ್ತಿನಂತಿದ್ದವು. ಗರಗಸದ ಯಂತ್ರಗಳು, ನೇಗಿಲುಗಳು, ಮಂಚ, ಮೇಜು. ಬಿಳಿ ಕುದುರೆ, ಒಂದು. ಆಕಳು ಕರುವಿನೊಂದಿಗೆ, ಒಂದು. ಹೆಣ್ಣುಮಗಳು ಚನ್ನವ್ವ, ಆಕೆಯೊಡನೆ ಸಾಹೇಬರ ಮಗಳು ಯಲ್ಲವ್ವ, ಒಂದು. ಹೊಸ ಸಾಹೇಬರಿಗೆ ಬೇಡವಾದಲ್ಲಿ ಬಿಟ್ಟುಬಿಡತಕ್ಕದ್ದು. ಅದರ ಕೆಳಗೆ ದಪ್ಪ ಮಸಿಯಲ್ಲಿ ಅವನ ಇಂಗ್ಲಿಷ್ ಸಹಿ.

ಆಕಳ ಕೆಳಗೆ! ಕರುವಿನ ಕೆಳಗೆ ಸ್ವಂತ ಮಗಳು! ನಾನು ಎದ್ದು ಹೊರಗೆ ಹೋಗಿ ಬೇವಿನ ಗಿಡದ ಬುಡದಲ್ಲಿ ನಿಂತೆ. ಒಂದೆರಡು ಸಲ ಓಕರಿಸಿದೆ. ಜವಾನ ನೀರು ತಂದುಕೊಟ್ಟ. ಬಿಸಿಲಿಗೆ ಹೀಗಾಗಿದೆ ಎಂದುಕೊಂಡನೇನೋ, ನಾನೂ ಹೌದೆಂದೆ.

ಒಳಗೆ ಬಂದು ಮತ್ತೆ ಓದಿದಾಗ ಒಂದು ಮಾತು ತಿಳಿಯಿತು. ಆ ಕಾಲದ ಸಾಹೇಬರಿಗೆ ಮೋಡಿ ಓದಲು ಬರುತ್ತಿರಲಿಲ್ಲ. ಕಾರಕೂನ ಬರೆದು ತರುತ್ತಿದ್ದ, ಸಾಹೇಬರು ನೋಡದೆ ಸಹಿ ಗೀಚುತ್ತಿದ್ದರು, ಅದೇ ರೂಢಿ. ಇಂಗ್ಲಿಷಿನ ಐವತ್ತು ಪತ್ರಗಳಲ್ಲಿ ಎಲ್ಲೂ ಮಗಳೆಂದು ಬರೆಯದವನು, ಓದಲಾಗದ ಒಂದು ಯಾದಿಯ ಕೆಳಗೆ ಮಗಳನ್ನು ಒಪ್ಪಿ ಸಹಿ ಮಾಡಿದ್ದ. ಆ ಕಾರಕೂನ ಯಾರೋ ಗೊತ್ತಿಲ್ಲ. 'ಕೂಸು ಒಂದು' ಎಂದು ಬರೆದಿದ್ದರೂ ನಡೆಯುತ್ತಿತ್ತು. 'ಸಾಹೇಬರ ಮಗಳು' ಎಂದು ಬೇಕೆಂದೇ ಬರೆದನೋ, ಇದ್ದದ್ದನ್ನು ಇದ್ದಂತೆ ಬರೆಯುವ ಚಟಕ್ಕೆ ಬರೆದನೋ. ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಆದರೆ ಆಕಳ ಕೆಳಗೆ ಬರೆದದ್ದೂ ಅವನೇ ಎಂಬುದು ಆಮೇಲೆ ನೆನಪಾಗಿ ಮುಗಿದ ಕೈ ಇಳಿಸಿದೆ.

ವಕೀಲರಿಗೆ ಹೋಗಿ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು.

"ಕಳಿಸಿದ್ದು ಕಳಿಸೇವಿ, ಬಿಡ್ರಿ ರಾಯರ. ಆ ಬಾಯಾರು ಖುಷಿ ಆಗ್ಯಾರ. ಈ ಛಳಿಗಾಲದಾಗ ಗಂಡನ್ನ ಕರ್ಕೊಂಡು ಬರಾಕತ್ತಾರ. ಈಗ ಇಂಥಾ ಹೊಲಸು ತಗದ್ರ ಪುಸ್ತಕದಾಗ ನಮ್ಮ ಮುತ್ತ್ಯಾ ಎಲ್ಲಿ ಬರ್ತಾನ?"

"ಹೊಲಸು ನಾ ಮಾಡಿದ್ದಲ್ರಿ. ಆದ್ರ ಕೆಳಗ ನನ್ನ ಸಹಿ ಅದ."

"ನಿಮ್ಮ ನೌಕರಿ ನೋಡ್ಕೋರಿ. ತಪ್ಪು ಸರ್ಟಿಫಿಕೇಟ್ ಕೊಟ್ಟೇನಿ ಅಂತ ನೀವ ಬರದು ಕೊಟ್ರ ಮ್ಯಾಲಿನವರು ಬಿಡ್ತಾರೇನು?"

ಅದು ನಿಜವಾಗಿತ್ತು. ನಾಲ್ಕು ದಿನ ಯೋಚಿಸಿದೆ, ನಾಲ್ಕು ದಿನವೂ ಅನ್ನದ ಮುಂದೆ ಕೂತರೆ ಆ ಯಾದಿಯ ಕ್ರಮವೇ ಕಣ್ಣಿಗೆ ಬರುತ್ತಿತ್ತು. ಐದನೆಯ ದಿನ ವರಿಷ್ಠರ ಎದುರು ನಿಂತು ನನ್ನ ತಪ್ಪನ್ನು ಬರೆದುಕೊಟ್ಟೆ. ಅವರು ಕೂಗಾಡಿದರು, ಬಡ್ತಿಯ ಪಟ್ಟಿಯಿಂದ ನನ್ನ ಹೆಸರು ಹೋಯಿತು. ತಿದ್ದಿದ ಶೋಧಪತ್ರ ಕೊಡಲು ಅನುಮತಿ ಮಾತ್ರ ಸಿಕ್ಕಿತು. ಅದರ ಒಂದು ಪ್ರತಿ ಟೀಚರಿಗೆ ಕೊಟ್ಟು, ಇನ್ನು ಚರ್ಚಿಗೆ ಹೋಗ್ರಿ ಎಂದೆ. ಅವರು ಅದನ್ನು ಮೂರು ಸಲ ಓದಿ ಮಡಚಿ ಇಟ್ಟುಕೊಂಡರು.

"ಸ್ವಲ್ಪ ತಡಿಯೋಣ್ರಿ. ಆ ಬಾಯಾರು ಬರತಾರಲ್ಲಾ. ಅವರೂ ತಮ್ಮ ಪುಸ್ತಕದಾಗ ಬರೀಲಿ, ನಾವೂ ನಮ್ಮ ಪುಸ್ತಕದಾಗ ಬರಸೋಣು. ಎರಡೂ ಕಡೆ ಹೆಸರು ಕೂಡಿದ್ರ ಛಲೋ ಅಲ್ಲೇನ್ರಿ?"

ಎಪ್ಪತ್ತರ ಆ ಮುಖದಲ್ಲಿ ಬೀಗರ ಮನೆಗೆ ಹೊರಟವರ ಉತ್ಸಾಹವಿತ್ತು. ಆಗಲಿ ಎಂದೆ.

ಡಿಸೆಂಬರಿನಲ್ಲಿ ಅಮೆರಿಕದವರು ಬಂದರು. ಅರವತ್ತರ ಆಸುಪಾಸಿನ ಹೆಂಗಸು, ತಿಳಿ ನೀಲಿ ಫ್ರಾಕು, ಕೈಗೆ ಬಿಳಿ ಗವಸು. ಕೊರಳಿಗೆ ಕ್ಯಾಮರಾ ತೂಗುಹಾಕಿಕೊಂಡ ಗಂಡ. ವಕೀಲರು ಜರಿ ಪೇಟ ಸುತ್ತಿಕೊಂಡು ಜೊತೆಗಿದ್ದರು. ಟೀಚರು ಇಸ್ತ್ರಿ ಸೀರೆ ಉಟ್ಟು ಮೂಲೆಯ ಬೆಂಚಿನ ಮೇಲೆ ಕೂತಿದ್ದರು. ನಾನು ಪಟ್ಟಿಯನ್ನು ಮೇಜಿನ ಮೇಲೆ ಬಿಚ್ಚಿ, ಸಾಲುಸಾಲಾಗಿ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಸಹಿ ಕಂಡ ಕೂಡಲೆ ಆಕೆ ಗವಸು ಕಳಚಿ ಬೆರಳಿನಿಂದ ಅದನ್ನು ಸವರಿದಳು. ಕಣ್ಣಲ್ಲಿ ನೀರು ಬಂತು. ಬಿಳಿ ಕುದುರೆಯ ಸಾಲಿಗೆ ನಕ್ಕಳು. ಅವರ ಮನೆಯಲ್ಲೂ ಬಿಳಿ ಕುದುರೆಯ ಕಥೆ ಇದೆಯಂತೆ. ಕೊನೆಯ ಸಾಲಿಗೆ ಬೆರಳು ಹಿಂದೆ ಹೋಯಿತು.

ತನ್ನ ಮುತ್ತಜ್ಜನಿಗೆ ಈ ಲಿಪಿ ಓದಲು ಬರುತ್ತಿತ್ತೇ ಎಂದು ಕೇಳಿದಳು. ಇಲ್ಲವೆಂದೆ. ಹಾಗಾದರೆ ಈ ಸಹಿಯಿಂದ ಏನೂ ಸಿದ್ಧವಾಗುವುದಿಲ್ಲವಲ್ಲ ಎಂದಳು. ಹಾಗಾದರೆ ಕುದುರೆಯೂ ಸಿದ್ಧವಾಗುವುದಿಲ್ಲ ಎಂದೆ. ವಕೀಲರು ನನ್ನ ಕಾಲು ತುಳಿದರು. ನಾನು ತಿದ್ದಿದ ಶೋಧಪತ್ರವನ್ನು ಕೈಗೆ ಕೊಟ್ಟು, ಮೊದಲಿನದು ನನ್ನ ತಪ್ಪು, ಅದನ್ನು ದಯವಿಟ್ಟು ಹರಿದು ಹಾಕಿ ಎಂದೆ. ಆಕೆ ಓದಿ, ನೀಟಾಗಿ ಮಡಚಿ ಪರ್ಸಿನಲ್ಲಿಟ್ಟು, ತಾನು ನ್ಯಾಯವಾದದ್ದನ್ನೇ ಮಾಡುವುದಾಗಿ ಹೇಳಿದಳು. ಮೂಲೆಯಲ್ಲಿದ್ದ ಟೀಚರನ್ನು ನಾನು ಪರಿಚಯಿಸಿದಾಗ ಎರಡು ಬೆರಳಿನಿಂದ ಕೈ ಕುಲುಕಿದಳು. ಆಮೇಲೆ ಗಂಡನ ಕಡೆ ತಿರುಗಿ, ಈ ಮುದುಕಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು ಎಂಬ ಧೈರ್ಯದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದಳು: "ಇವಳದು ಅಜ್ಜನ ಗದ್ದವೇ. ನೀನು ಅತ್ತ ನೋಡಬೇಡ."

ಟೀಚರು ಸೆರಗು ಸರಿಪಡಿಸಿಕೊಂಡರು. ನನಗೆ ಮೈಮೇಲೆ ಹುಳು ಹರಿದಂತಾಯಿತು.

ಫೋಟೋ ತೆಗೆಯಲು ಬೆಳಕು ಸಾಲದೆಂದು ಪಟ್ಟಿಯನ್ನು ಪಡಸಾಲೆಗೆ ಒಯ್ದೆವು. ಗಂಡ ಕ್ಯಾಮರಾ ಹಿಡಿದು ಬಗ್ಗಿದಾಗ ಆಕೆ ಕಳಚಿದ್ದ ಕೈಗವಸನ್ನು ಕೊನೆಯ ಸಾಲಿನ ಮೇಲೆ ಅಡ್ಡ ಇಟ್ಟಳು. ಸಹಿ ಕಾಣುವಂತೆ, ಸಾಲು ಕಾಣದಂತೆ, ಅಳೆದು ಇಟ್ಟಳು. ಇದು ಚಿತ್ರಕ್ಕೆ ಮಾತ್ರ, ಬರಹದಲ್ಲಿ ಎಲ್ಲವೂ ಇರುತ್ತದೆ ಎಂದು ನನ್ನತ್ತ ನೋಡಿ ನಕ್ಕಳು. ಕಾಗದ ನನ್ನ ವಶದಲ್ಲಿತ್ತು, ಕಸಿದುಕೊಳ್ಳಬಹುದಿತ್ತು. ಅತಿಥಿ ಎಂದು ಸುಮ್ಮನಾದೆ. ಆ ಸುಮ್ಮನಿದ್ದದ್ದು ಇವತ್ತಿಗೂ ನನಗೆ ಹೇಸಿಗೆ ತರಿಸುತ್ತದೆ.

ಅವರ ಕಾರು ಹೋದ ಮೇಲೆ ಟೀಚರು, "ಬರೀತಾರ್ರಿ. ಮಾತು ಕೊಟ್ಟಾರಲ್ಲಾ," ಎಂದರು. ಒಂದು ವರ್ಷಕ್ಕೂ ಹೆಚ್ಚು ಕಾಲ, ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಬಂದು, ಪುಸ್ತಕ ಬಂತೇನ್ರಿ ಎಂದು ಕೇಳಿ ಹೋಗುತ್ತಿದ್ದರು. ಪಾದ್ರಿಗಳು ತಿದ್ದಲು ಸಿದ್ಧರಿದ್ದರೂ ಇವರೇ ತಡೆದು ನಿಂತಿದ್ದರು.

ಪುಸ್ತಕ ಬಂತು. ದಪ್ಪ ರಟ್ಟು, ಬಂಗಾರದ ಅಕ್ಷರ. ವಕೀಲರು ಅದನ್ನು ನನ್ನ ಮೇಜಿನ ಮೇಲೆ ಎಸೆದು, "ನಮ್ಮ ಮುತ್ತ್ಯಾನ ಹೆಸರ ಇಲ್ರಿ!" ಎಂದು ಸಿಡುಕಿ ಹೋದರು. ಆ ದಿನ ನಗು ಬಂದದ್ದು ಅದೊಂದಕ್ಕೇ. ಪುಟ ತಿರುವಿದೆ. ಪಟ್ಟಿಯ ಚಿತ್ರವಿತ್ತು, ಬಿಳಿ ಕುದುರೆಯವರೆಗೆ, ಆಕಳು ಕರುವಿನವರೆಗೆ. ನಡುವೆ ಒಂದು ಬಿಳಿ ಪಟ್ಟೆ, ಕೆಳಗೆ ಸಹಿ. ಎದುರು ಪುಟದಲ್ಲಿ ನನ್ನ ಮೊದಲ ಶೋಧಪತ್ರ, ಮದುವೆಯಿಲ್ಲ, ಸಂತಾನವಿಲ್ಲ ಎಂದು, ಕೆಳಗೆ ನನ್ನ ಪೂರ್ತಿ ಹೆಸರು. ಎರಡನೆಯದರ ಸುಳಿವೇ ಇಲ್ಲ. ಒಂಬತ್ತು ತಲೆಮಾರಿನ ಆ ಸುಳ್ಳಿಗೆ ನಾನು ಸಾಕ್ಷಿ. ಆ ಪುಸ್ತಕ ಮುಟ್ಟಿದ ಕೈಯನ್ನು ಎರಡು ಸಲ ತೊಳೆದೆ.

ಮುಚ್ಚಿಡೋಣವೆಂದು ಒಂದು ಗಳಿಗೆ ಅನಿಸಿತು. ಆಗಲೇ ಒಮ್ಮೆ ಮುಚ್ಚಲು ಬಿಟ್ಟದ್ದು ಸಾಕೆಂದು ಮರುದಿನ ಹುಬ್ಬಳ್ಳಿಗೆ ಒಯ್ದೆ. ಟೀಚರು ಕನ್ನಡಕ ಹಾಕಿಕೊಂಡು ಚಿತ್ರ ನೋಡಿದರು, ಶೋಧಪತ್ರ ಓದಿದರು, ಪುಸ್ತಕ ಮುಚ್ಚಿದರು.

"ಅವತ್ತ ನನ್ನ ಗದ್ದ ಅವರಜ್ಜಂದ ಅಂತ ಹೇಳಿದ್ಲಲ್ರಿ ಆಕಿ, ನನಗ ಕೇಳಿಸಿತ್ತು. ಕೇಳಿ ಖುಷಿ ಆಗಿತ್ತು ನೋಡ್ರಿ, ನಾ ಎಂಥಾ ಹುಚ್ಚಿ." ಸೀರೆಯ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಏಳ್ರಿ, ಚರ್ಚಿಗೆ ಹೋಗೋಣು."

ಪಾದ್ರಿಗಳು ಹಳೆಯ ಪುಸ್ತಕ ತೆರೆದರು. ತಾಯಿ ಎಂಬಲ್ಲಿ 'ಚನ್ನವ್ವ, ಅಮ್ಮಿನಬಾವಿ' ಎಂದು ಬರೆದು ಮಸಿ ಆರಲು ಬಿಟ್ಟರು. ಆಮೇಲೆ ನನ್ನ ಶೋಧಪತ್ರವನ್ನು ಹತ್ತಿರ ಎಳೆದುಕೊಂಡು, ತಂದೆ ಎಂಬ ಅಂಕಣಕ್ಕೆ ಲೇಖಣಿ ತಂದರು. ಟೀಚರು ಅಡ್ಡ ಕೈ ಇಟ್ಟರು.

"ಆ ಹೆಸರು ಬ್ಯಾಡ್ರಿ."

"ಇದಕ್ಕಾಗಿ ಇಷ್ಟು ದಿನ ಓಡಾಡೀರಿ, ಬಾಯಾರ," ಎಂದೆ ನಾನು.

"ಹೌದ್ರಿ. ಆಗ ಅವರನ್ನ ನೋಡಿದ್ದಿಲ್ಲ. ಗದ್ದ ಅಂತೂ ವಾಪಸ್ ಕೊಡಾಕ ಬರೂದಿಲ್ಲ. ಹೆಸರು ಕೊಡಬಹುದಲ್ಲಾ."

"ಹಂಗಾರ 'ತಿಳಿದಿಲ್ಲ' ಅಂತ ಇರ್ಲ್ಯಾ?" ಎಂದು ಪಾದ್ರಿಗಳು ಕೇಳಿದರು.

"ಅದನ್ನ ಹೊಡದು ಹಾಕ್ರಿ. ತಿಳದೈತಿ. ಬ್ಯಾಡಾಗೈತಿ."

ಬೇಡವಾಗಿದೆ ಎಂದು ಬರೆಯುವ ರೂಢಿ ಆ ಪುಸ್ತಕದಲ್ಲಿರಲಿಲ್ಲ. ಪಾದ್ರಿಗಳು 'ತಿಳಿದಿಲ್ಲ' ಎಂಬುದರ ಮೇಲೆ ಅಡಿಪಟ್ಟಿಯಿಟ್ಟು ಗೆರೆ ಎಳೆದು, ಆ ಅಂಕಣವನ್ನು ಖಾಲಿ ಬಿಟ್ಟು, ತಮ್ಮ ಸಹಿ ಮಾಡಿ, ಸಾಕ್ಷಿಯ ಜಾಗಕ್ಕೆ ನನ್ನನ್ನು ಕರೆದರು. ಲೇಖಣಿ ತೆಗೆದುಕೊಂಡೆ. ಸಹಿ ಮಾಡುವ ಮೊದಲು ಪ್ರತಿ ಸಾಲನ್ನೂ ಎರಡು ಸಲ ಓದಿದೆ.